ಮರಿ ಆಮೇಲೆ, ಮೊದಲು ತಾಯಿ ನಾಯಿಯನ್ನು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕುರಿ, ದನ ಕಾಯುವ ಸಣ್ಣ ಜಾತಿಯ ನಾಯಿಗಳ ಬಗ್ಗೆಯೇ ಇವೆ. ಶೆಲ್ಟಿ ಮತ್ತು ಕಾರ್ಗಿ, ಎರಡೇ ಹೆಸರು. ಹಾಗಾಗಿ ಹಸುಗಳ ಕೆಚ್ಚಲು ಬಾವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತೆಗೆದಿಟ್ಟು, ಈ ಸಲ ನಾಯಿಮರಿಗಳ ಮಾತನ್ನೇ ಆಡೋಣ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರದ ಹತ್ತಿರ ತೋಟದ ಮನೆ. ಎಂಟನೇ ಕ್ಲಾಸಿನ ಮಗಳು ಒಂದು ವರ್ಷದಿಂದ ಶೆಲ್ಟಿ ಮರಿ ಬೇಕು ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನ ಬ್ರೀಡರ್ ಒಬ್ಬರು ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದ್ದಾರೆ. ಮರಿಗೆ 35 ದಿನ. 35 ಸಾವಿರ ಹೇಳಿ 30ಕ್ಕೆ ಒಪ್ಪಿದ್ದಾರೆ. ಹತ್ತು ಸಾವಿರ ಅಡ್ವಾನ್ಸ್ ಹಾಕಿದರೆ ರಾತ್ರಿ ಬಸ್ಸಿಗೆ ಇಟ್ಟು ಕಳಿಸ್ತೀವಿ, ಇವತ್ತೇ ಹೇಳಿ, ಇನ್ನೂ ಮೂರು ಜನ ಕೇಳ್ತಿದ್ದಾರೆ ಅಂತಿದ್ದಾರೆ. ಪೇಪರ್ ಕೂಡ ಕೊಡ್ತಾರಂತೆ. ಹಣ ಹಾಕಬಹುದಾ? — ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಹಾಕಬೇಡಿ. ಈ ಪತ್ರ ಅಚ್ಚಾಗುವ ಹೊತ್ತಿಗೆ ಹಾಕಿಬಿಟ್ಟಿದ್ದರೂ ಮರಿಯನ್ನು ಬಸ್ಸಿಗೆ ಹಾಕಿಸಬೇಡಿ, ನೀವೇ ಹೋಗಿ.

ಮೊದಲು ವಯಸ್ಸಿನ ಮಾತು. 35 ದಿನ ಅಂದರೆ ಐದು ವಾರ. ನಮ್ಮ ದೇಶದಲ್ಲಿ 2017ರಲ್ಲಿ ನಾಯಿ ಸಾಕಿ ಮಾರುವವರಿಗೆ ಅಂತಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದರ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಒಂದೂವರೆ ವರ್ಷ ತುಂಬದ ಹೆಣ್ಣು ನಾಯಿಗೆ ಮರಿ ಹಾಕಿಸುವಂತಿಲ್ಲ. ಎಂಟು ವಾರ ಅನ್ನೋದು ಸುಮ್ನೆ ಬರೆದ ಲೆಕ್ಕ ಅಲ್ಲ. ಐದನೇ ವಾರದಿಂದ ಎಂಟನೇ ವಾರದ ಒಳಗೆ ಮರಿ ತನ್ನ ಒಡಹುಟ್ಟಿದವರ ಜೊತೆ ಕಚ್ಚಾಡಿಕೊಂಡು, ಅಮ್ಮನಿಂದ ಗದರಿಸಿಕೊಂಡು, ಹಲ್ಲನ್ನು ಎಷ್ಟು ಒತ್ತಬಹುದು ಅನ್ನೋದನ್ನ ಕಲಿಯುತ್ತದೆ. ಆ ಮೂರು ವಾರ ತಪ್ಪಿಸಿ ತಂದ ಮರಿ ಆಮೇಲೆ ನಿಮ್ಮ ಮಗಳ ಕೈಯನ್ನೇ ಜಗಿಯುತ್ತದೆ, ಮತ್ತೆ ನೀವು ನನಗೇ ಪತ್ರ ಬರೆಯುತ್ತೀರಿ, ನಾಯಿ ಕಚ್ಚುತ್ತದೆ ಅಂತ. ಶೆಲ್ಟಿ, ಕಾರ್ಗಿಯಂಥ ಅಟ್ಟುವ ಜಾತಿಗಳಲ್ಲಿ ಈ ಪಾಠ ಇನ್ನೂ ಮುಖ್ಯ. ಓಡುವ ಕಾಲಿಗೆ ಬಾಯಿ ಹಾಕುವುದು ಅವುಗಳ ಹುಟ್ಟುಗುಣ.

ಬಸ್ಸಿನ ವಿಷಯ. ಇದನ್ನು ಬರೆಯಲು ನನಗೆ ಈಗಲೂ ಕಷ್ಟ. ಸುಮಾರು 20 ವರ್ಷದ ಹಿಂದೆ ನಾನು ತೀರ್ಥಹಳ್ಳಿ ಕಡೆ ಕೆಲಸದಲ್ಲಿದ್ದಾಗ ನಮ್ಮ ಮನೆಗೂ ಹೀಗೇ ಒಂದು ಮರಿ ಬಂತು. ಫೋಟೋ ನೋಡಿದ್ದು, ದುಡ್ಡು ಕಳಿಸಿದ್ದು, ಬೆಳಗಿನ ಜಾವ ಬಸ್‌ಸ್ಟ್ಯಾಂಡಿಗೆ ಹೋಗಿ ರಟ್ಟಿನ ಡಬ್ಬ ಇಳಿಸಿಕೊಂಡಿದ್ದು. ಡಬ್ಬ ಒದ್ದೆಯಾಗಿತ್ತು. ಮರಿ ಮೈ ಬಿಸಿ ಇತ್ತು, ನೀರು ಕುಡಿಯಲಿಲ್ಲ. ಮೂರನೇ ದಿನ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ, ಮರಿಗಳ ಕರುಳಿಗೆ ತಗಲುವ ವೈರಸ್ ಕಾಯಿಲೆ. ನಾನೇ ಡಾಕ್ಟರು, ಡ್ರಿಪ್ ಹಾಕಿದೆ, ರಾತ್ರಿ ಇಡೀ ನಾನೂ ನನ್ನ ಹೆಂಡತಿಯೂ ಸರದಿಯಂತೆ ಕೂತೆವು. ಐದನೇ ದಿನ ಸತ್ತುಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಪಾರ್ವೊ ಮೈಯಲ್ಲಿ ಸೇರಿದ ಮೇಲೆ ಲಕ್ಷಣ ಕಾಣಲು ಮೂರರಿಂದ ಏಳು ದಿನ ಬೇಕು, ಅಂದರೆ ಅದು ಡಬ್ಬ ಹತ್ತುವಾಗಲೇ ರೋಗ ಹೊತ್ತುಕೊಂಡಿತ್ತು. ವಿಡಿಯೋದಲ್ಲಿ ಕುಣಿಯುವ ಮರಿಯ ಒಳಗೆ ಏನಿದೆ ಅಂತ ನನ್ನಂಥವನಿಗೂ ಗೊತ್ತಾಗುವುದಿಲ್ಲ ಅಮ್ಮಾ.

ಹಾಗಾದರೆ ಏನು ಮಾಡಬೇಕು? ಹೋಗಿ ತಾಯಿಯನ್ನು ನೋಡಬೇಕು. ಮರಿಗಳೆಲ್ಲ ಚಂದವೇ, ಅವು ನಿಮಗೆ ಏನನ್ನೂ ಹೇಳುವುದಿಲ್ಲ. ತಾಯಿ ಹೇಳುತ್ತದೆ. ಮರಿ ಹಾಕಿದ ಜಾಗದಲ್ಲೇ, ಮರಿಗಳ ಜೊತೆಗೇ ನೋಡಬೇಕು. ಮೊಲೆ ಜೋತಿರಬೇಕು, ಅದರ ಬಾಲ ಅಲ್ಲಾಡುತ್ತದಾ, ಹೊಸಬರು ಬಂದರೆ ಮೂಲೆಗೆ ಹೋಗಿ ನಡುಗುತ್ತದಾ ಅಂತ ಗಮನಿಸಿ. ಶೆಲ್ಟಿ ಸ್ವಲ್ಪ ಸಂಕೋಚದ ಜಾತಿ, ಹೊಸಬರನ್ನು ಕಂಡರೆ ಹಿಂದೆ ಸರಿಯುವುದು ತಪ್ಪಲ್ಲ, ಆದರೆ ಹತ್ತು ನಿಮಿಷ ಕಳೆದರೂ ಹೆದರಿಕೆ ಇಳಿಯದ ತಾಯಿಯ ಮರಿ ತಂದರೆ ಅದು ಮಿಕ್ಸಿ ಶಬ್ದಕ್ಕೂ ಮಂಚದ ಕೆಳಗೆ ಸೇರುತ್ತದೆ. ತಾಯಿ ಇಲ್ಲಿಲ್ಲ, ಊರಿಗೆ ಕಳಿಸಿದೀವಿ, ಫಾರ್ಮ್ ಬೇರೆ ಕಡೆ ಇದೆ ಅಂದರೆ ಕಾರು ತಿರುಗಿಸಿಕೊಂಡು ಬನ್ನಿ. ಅಂಥ ಕಡೆ ಮಾರುವವರು ಮರಿಯನ್ನು ಎಲ್ಲಿಂದಲೋ ಕೊಂಡು ತಂದಿರುತ್ತಾರೆ.

ಎಷ್ಟನೇ ಸೂಲು, ಹಿಂದಿನ ಸೂಲು ಯಾವಾಗ, ತಾಯಿಗೆ ಎಷ್ಟು ವಯಸ್ಸು ಅಂತ ಕೇಳಿ. ಹಸು ಕೊಳ್ಳುವಾಗ ಕೇಳುತ್ತೀರಲ್ವಾ, ನಾಯಿಗೂ ಅದನ್ನೇ ಕೇಳಿ. ಪ್ರತಿ ಬೆದೆಗೂ ಮರಿ ಹಾಕಿಸುವವರ ಮನೆಯ ತಾಯಿ ಮೂಳೆ ಚಕ್ಕಳ ಆಗಿರುತ್ತದೆ, ನಿಮಗೇ ಕಾಣುತ್ತದೆ. ತಂದೆ ನಾಯಿ ಬೇರೆ ಮನೆಯದ್ದಾಗಿದ್ದರೆ ತೊಂದರೆ ಇಲ್ಲ, ಆದರೆ ಅದರ ಬಣ್ಣ ಕೇಳಲೇಬೇಕು. ಬೂದುನೀಲಿ ಮೈ ಮೇಲೆ ಕಪ್ಪು ಚುಕ್ಕೆ ಇರುವ ಬಣ್ಣಕ್ಕೆ ಬ್ಲೂ ಮರ್ಲ್ ಅಂತಾರೆ, ಅಪರೂಪದ್ದು ಅಂತ ಹೇಳಿ ಜಾಸ್ತಿ ದುಡ್ಡು ಕೇಳುತ್ತಾರೆ. ತಾಯಿ ತಂದೆ ಎರಡೂ ಮರ್ಲ್ ಆದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಗುಣ ಎರಡು ಕಡೆಯಿಂದಲೂ ಬರುತ್ತದೆ, ಅಂಥ ಮರಿ ಬಹಳ ಮಟ್ಟಿಗೆ ಬಿಳಿಯಾಗಿ, ಎಷ್ಟೋ ಸಲ ಕಿವುಡು ಅಥವಾ ಕುರುಡಾಗಿ ಹುಟ್ಟುತ್ತದೆ. ಎರಡು ಮರ್ಲ್‌ಗಳನ್ನು ಕೂಡಿಸುವವರ ಮನೆಯಿಂದ ಯಾವ ಮರಿಯನ್ನೂ ತರಬೇಡಿ. ಹಾಗೆ ಮಾಡುವುದು ತಪ್ಪು, ಅವರಿಗೂ ಅದು ಗೊತ್ತಿರಬೇಕು.

ಪೇಪರ್ ವಿಷಯ ಕೇಳಿದ್ದೀರಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಅಂದರೆ ಮರಿಯ ವಂಶಾವಳಿ, ಅಷ್ಟೇ. ಅಜ್ಜ ಯಾರು, ಅಜ್ಜಿ ಯಾರು ಅಂತ ಅದರಲ್ಲಿ ಇರುತ್ತದೆ, ಆರೋಗ್ಯದ ಬಗ್ಗೆ ಏನೂ ಇರುವುದಿಲ್ಲ. ಅದರ ಜೊತೆ ಮೈಕ್ರೋಚಿಪ್ ನಂಬರ್ ತಾಳೆ ನೋಡಬೇಕು, 15 ಅಂಕಿ ಇರುತ್ತದೆ. ನಿಜವಾಗಿ ಬೇಕಾದ ಕಾಗದ ಬೇರೆ: ತಾಯಿ ತಂದೆಯ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆ, ಎಂಡಿಆರ್-1 ಅನ್ನುವ ಡಿಎನ್ಎ ಪರೀಕ್ಷೆಯ ವರದಿ (ಇದರ ಬಗ್ಗೆ ಮುಂದಿನ ಪತ್ರದಲ್ಲಿ ಬರೆದಿದ್ದೇನೆ, ದಯವಿಟ್ಟು ಬಿಡದೆ ಓದಿ), ಮರಿಗೆ ಜಂತುಹುಳದ ಔಷಧಿ ಕೊಟ್ಟ ತಾರೀಖು, ಲಸಿಕೆಯ ಪುಸ್ತಕದಲ್ಲಿ ಡಾಕ್ಟರ ಸಹಿ ಮತ್ತು ಬಾಟಲಿ ಮೇಲಿನ ಸ್ಟಿಕ್ಕರ್. ಮಾರಿದವರ ಹೆಸರು, ವಿಳಾಸ ಇರುವ ರಸೀದಿ. ಇಷ್ಟೂ ಒಂದೇ ಕಡೆ ಸಿಗುವುದು ಕಷ್ಟ, ನನಗೆ ಗೊತ್ತು. ಆದರೆ ಕೇಳಿದಾಗ ಅವರ ಮುಖ ಹೇಗಾಗುತ್ತದೆ ನೋಡಿ. ಎಕ್ಸ್‌ರೇ ಮಾಡಿಸಿಲ್ಲ ಮೇಡಂ, ಆದರೆ ತಾಯಿಯ ಅಮ್ಮನಿಗೆ ಈಗ ಹನ್ನೆರಡು ವರ್ಷ, ಬನ್ನಿ ತೋರಿಸ್ತೀನಿ, ಒಳಗೆ ಓಡಾಡ್ತಿದೆ ಅನ್ನುವವರು ನನಗೆ ಇಷ್ಟ.

ಒಳ್ಳೆಯ ಬ್ರೀಡರ್ ನಿಮ್ಮನ್ನೂ ಕೇಳುತ್ತಾರೆ. ಬಸ್ಸಿನಲ್ಲಿ ಬಂದಿದ್ದ ಆ ಮರಿ ಹೋದ ಎರಡು ವರ್ಷಕ್ಕೆ ನಾವು ಮತ್ತೊಂದು ತರಲು ಹೋದಾಗ ಆ ಮನೆಯಾಕೆ ನಮ್ಮನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಹಗಲು ಮನೆಯಲ್ಲಿ ಯಾರಿರ್ತಾರೆ, ಕಟ್ಟಿ ಹಾಕ್ತೀರಾ, ಬೇಲಿ ಇದೆಯಾ, ಮಳೆಗಾಲದಲ್ಲಿ ಎಲ್ಲಿ ಮಲಗಿಸ್ತೀರಾ, ನಿಮಗೆ ಆಗದಿದ್ದರೆ ಬೇರೆಯವರಿಗೆ ಕೊಡಬೇಡಿ, ನನಗೇ ತಂದುಕೊಡಿ. ಕೊಡುವ ಮುಂಚೆ ಮರಿಯ ನೆತ್ತಿ ಮೂಸಿ ನೋಡಿದರು, ಕಣ್ಣಲ್ಲಿ ನೀರಿತ್ತು. ಆ ನಾಯಿ ನಮ್ಮ ಮನೆಯಲ್ಲಿ 13 ವರ್ಷ ಬದುಕಿತು.

ಇನ್ನು ನಿಮ್ಮ ಮನೆಗೆ ಶೆಲ್ಟಿ ಹೊಂದುತ್ತದಾ? ಹೊಂದುತ್ತದೆ ಅಂತ ನನ್ನ ಅನಿಸಿಕೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ನಾಯಿ ಅದು. ಗಾಳಿ, ಮಳೆ, ಮೇವು ಕಡಿಮೆ, ಅಲ್ಲಿಯ ಕುದುರೆಯೂ ಗಿಡ್ಡ, ಕುರಿಯೂ ಗಿಡ್ಡ, ನಾಯಿಯೂ ಗಿಡ್ಡ. ನಮ್ಮ ಮಲೆನಾಡು ಗಿಡ್ಡ ಹಸುವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭುಜದ ಹತ್ತಿರ 13ರಿಂದ 16 ಇಂಚು ಎತ್ತರ. ಮನೆ ಸುತ್ತಲಿನ ಬೆಳೆಗೆ ಕುರಿ ನುಗ್ಗದಂತೆ ಅಟ್ಟುವುದು ಅದರ ಕೆಲಸವಾಗಿತ್ತು. ಅದಕ್ಕಿಂತ ಚಿಕ್ಕದು, ಟಾಯ್ ಶೆಲ್ಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಜಾತಿ ಇಲ್ಲ. ಒಂದೇ ಮಾತು, ಸಂಜೆ ಆರರ ಮೇಲೆ ಹೊರಗೆ ಬಿಡಬೇಡಿ. ನಿಮ್ಮ ಕಡೆ ಚಿರತೆ ಅಂಗಳದವರೆಗೂ ಬರುತ್ತದೆ, ಹತ್ತು ಕೆಜಿಯ ನಾಯಿ ಅದಕ್ಕೆ ಒಂದು ತುತ್ತು. ಚಪ್ಪರದ ಕಂಬಕ್ಕೆ ಕಟ್ಟಿ ಹಾಕಿದ ನಾಯಿಗಳೇ ಹೆಚ್ಚು ಹೋಗುವುದು. ರಾತ್ರಿ ಮನೆ ಒಳಗೇ ಇರಲಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಕೋಲಿ ನಾಯಿಗೆ ಉಣುಗು ಜಾಸ್ತಿಯಾಗಿತ್ತು ಅಂತ ದನಕ್ಕೆ ಹಾಕುವ ಇಂಜೆಕ್ಷನ್ನನ್ನೇ ಸ್ವಲ್ಪ ಹಾಕಿದರು. ಸಂಜೆಗೆ ಕಾಲು ತಡವರಿಸಿತು, ಜೊಲ್ಲು ಸುರಿಯಿತು, ಮಾರನೇ ದಿನ ಎಚ್ಚರ ತಪ್ಪಿತು, ಬದುಕಲಿಲ್ಲ. ಅದೇ ಔಷಧಿ ನಮ್ಮ ಊರು ನಾಯಿಗೆ ಎಷ್ಟೋ ಸಲ ಹಾಕಿದ್ದೇವೆ, ಏನೂ ಆಗಿಲ್ಲ. ಯಾಕೆ ಹೀಗೆ? ನಾವೂ ಈಗ ಶೆಲ್ಟಿ ತರಬೇಕು ಅಂತಿದ್ದೇವೆ. — ಕೃಷಿಕರು, ಸಾಗರ

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಆ ಇಂಜೆಕ್ಷನ್ ಐವರ್‌ಮೆಕ್ಟಿನ್ ಇರಬೇಕು. ಒಳ್ಳೆಯ ಔಷಧಿ, ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂದಿದೆ. ಆದರೆ ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಪರ್ಡ್ ಥರದ ಕುರಿನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಅದು ವಿಷ.

ಮೆದುಳಿನ ರಕ್ತನಾಳದ ಗೋಡೆಯಲ್ಲಿ ಒಂದು ಪಂಪ್ ಇರುತ್ತದೆ ಅಂದುಕೊಳ್ಳಿ. ಔಷಧಿ ಒಳಗೆ ನುಗ್ಗಿದರೆ ಅದನ್ನು ಹಿಂದಕ್ಕೆ ತಳ್ಳುವುದು ಅದರ ಕೆಲಸ. ಆ ಪಂಪನ್ನು ಮಾಡುವ ಜೀನ್‌ನ ಹೆಸರು ಎಂಡಿಆರ್-1. ಈ ಜಾತಿಗಳ ಕೆಲವು ನಾಯಿಗಳಲ್ಲಿ ಆ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಪಂಪ್ ಇರುವುದಿಲ್ಲ, ಔಷಧಿ ಮೆದುಳಿಗೆ ಹೋಗಿ ಕೂರುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 2001ರಲ್ಲಿ ಇದನ್ನು ಪತ್ತೆ ಮಾಡಿದರು. ಅವರ ಲೆಕ್ಕದಲ್ಲಿ ಕೋಲಿಗಳಲ್ಲಿ ಸುಮಾರು ನೂರಕ್ಕೆ 70, ಶೆಲ್ಟಿಗಳಲ್ಲಿ ನೂರಕ್ಕೆ 15ರಷ್ಟು ಈ ದೋಷ ಇದೆ. ನಿಮ್ಮ ಊರು ನಾಯಿಗೆ ಆ ಪಂಪ್ ಸರಿ ಇತ್ತು, ಅದಕ್ಕೇ ತಡೆದುಕೊಂಡಿತು. ದನದ ಇಂಜೆಕ್ಷನ್ ತುಂಬಾ ಗಟ್ಟಿ ಬೇರೆ, ಸಿರಿಂಜಿನಲ್ಲಿ ಕಣ್ಣಳತೆಯಲ್ಲಿ ಎಳೆದರೆ ಅಳತೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಇದನ್ನು ನಮ್ಮ ಮಲೆನಾಡಿನವರು ತಲೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಯಾಕೆಂದರೆ ನಮ್ಮಲ್ಲಿ ಉಣುಗು ಇಲ್ಲದ ಮನೆ ಇಲ್ಲ, ಐವರ್‌ಮೆಕ್ಟಿನ್ ಇಲ್ಲದ ಮೆಡಿಕಲ್ ಶಾಪೂ ಇಲ್ಲ. ಶೆಲ್ಟಿ ತಂದ ದಿನವೇ ಲಸಿಕೆಯ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ: ಐವರ್‌ಮೆಕ್ಟಿನ್ ಬೇಡ. ಅದರ ಕೆಳಗೆ ಇನ್ನೊಂದು: ಲೋಪೆರಮೈಡ್ ಬೇಡ. ಇದು ನಾವು ಭೇದಿಗೆ ನುಂಗುವ ಮಾತ್ರೆ. ಮರಿಗೆ ಭೇದಿ ಆಯಿತು ಅಂತ ಅರ್ಧ ಮಾತ್ರೆ ಮುರಿದು ಹಾಕಿಬಿಡುತ್ತಾರೆ, ಈ ನಾಯಿಗಳಿಗೆ ಅದೂ ಮೆದುಳಿಗೇ ಹೋಗುತ್ತದೆ.

ಕೊಟ್ಟಿಗೆಯಲ್ಲಿ ಹಸುಗಳಿಗೆ ಐವರ್‌ಮೆಕ್ಟಿನ್ ಹಾಕಿಸಿದರೆ ಕೆಲವು ವಾರ ನಾಯಿಯನ್ನು ಸಗಣಿ, ಗೊಬ್ಬರಗುಂಡಿ ಹತ್ತಿರ ಬಿಡಬೇಡಿ. ಔಷಧಿ ಸಗಣಿಯಲ್ಲಿ ಹೊರಗೆ ಬರುತ್ತದೆ, ಮರಿಗಳಿಗೆ ಸಗಣಿ ತಿನ್ನುವ ಚಟ ಇದ್ದೇ ಇರುತ್ತದೆ.

ಮತ್ತೆ ಉಣುಗಿಗೆ ಏನು ಮಾಡುವುದು? ಬಿಡುವಂತೂ ಇಲ್ಲ. ನಾಯಿಯ ಉಣುಗಿನಿಂದ ಅದಕ್ಕೆ ರಕ್ತ ಒಡೆಯುವ ಜ್ವರ ಬರುತ್ತದೆ. ಉಣುಗಿನಿಂದ ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ, ಆ ಕಾಡಿನ ಉಣುಗನ್ನು ನಾಯಿ ಮೈಮೇಲೆ ಹೊತ್ತು ಮನೆಗೆ ತರಬಹುದು. ನವೆಂಬರಿನಿಂದ ಮೇ ತನಕ ಕಾಡಿನ ಕಡೆ ಬಿಡದೇ ಇರುವುದು ಒಳ್ಳೆಯದು. ಫ್ಲುರಾಲನರ್, ಅಫಾಕ್ಸೊಲನರ್ ಅನ್ನುವ ತಿನ್ನಿಸುವ ಮಾತ್ರೆಗಳು ಈಗ ಸಿಗುತ್ತವೆ, ಎಂಡಿಆರ್-1 ದೋಷ ಇದ್ದರೂ ಸಾಮಾನ್ಯವಾಗಿ ಕೊಡಬಹುದು. ಫಿಟ್ಸ್ ಬರುವ ನಾಯಿಗೆ ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ. ದಿನಾ ಸಂಜೆ ಕಿವಿ ಹಿಂದೆ, ಬೆರಳಿನ ಸಂದಿ, ತೊಡೆ ಸಂದಿ ಬೆರಳಾಡಿಸಿ ನೋಡಿ. ಈ ಜಾತಿಗೆ ಕೂದಲು ದಟ್ಟ, ಕಣ್ಣಿಗೆ ಕಾಣುವುದಿಲ್ಲ, ಕೈಗೇ ಸಿಗಬೇಕು.

ಪ್ರಶ್ನೆ: ಸರ್, ಕಾರ್ಗಿ ದನ ಕಾಯುವ ನಾಯಿಯಂತೆ. ನಮ್ಮಲ್ಲಿ ಆರು ಮಲೆನಾಡು ಗಿಡ್ಡ ಇವೆ. ಬ್ಯಾಣಕ್ಕೆ (ದನ ಮೇಯುವ ಹುಲ್ಲುಗಾವಲಿಗೆ) ಹೊಡೆದುಕೊಂಡು ಹೋಗಲು ಕಾರ್ಗಿ ಕಲಿಸಬಹುದಾ? — ಪದವಿ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ತಮ್ಮಾ, ಬೇಡ. ವೇಲ್ಸ್ ದೇಶದಲ್ಲಿ ಕಾರ್ಗಿ ದನ ಹೊಡೆಯುತ್ತಿದ್ದದ್ದು ನಿಜ. ಹಿಂಗಾಲಿನ ಗೊರಸಿನ ಹತ್ತಿರ ಕಚ್ಚುವುದು, ದನ ಒದ್ದರೆ ಕಾಲು ತಲೆ ಮೇಲೆ ಹಾದುಹೋಗುವಷ್ಟು ಗಿಡ್ಡ ಇರುವುದು, ಹೀಗೆ ಕೆಲಸಕ್ಕೆ ತಕ್ಕ ಮೈ ಅದು. ಆದರೆ ಇವತ್ತು ಮಾರಾಟಕ್ಕೆ ಸಿಗುವ ಮರಿಗಳ ಅಜ್ಜ ಮುತ್ತಜ್ಜ ದನ ನೋಡಿದವಲ್ಲ. ನಿಮ್ಮ ಗಿಡ್ಡಗಳೂ ಕಮ್ಮಿ ಅಲ್ಲ, ಕೊಂಬು ತಗ್ಗಿಸಿಕೊಂಡು ಚಿರತೆಗೇ ತಿರುಗಿ ನಿಲ್ಲುವ ಹಸುಗಳು, ಹೊಸ ನಾಯಿ ಹಿಮ್ಮಡಿಗೆ ಬಾಯಿ ಹಾಕಿದರೆ ಸುಮ್ಮನಿರುವುದಿಲ್ಲ. ಕಾರ್ಗಿಗೆ ಬೆನ್ನು ಉದ್ದ, ಕಾಲು ಮೋಟು, ಬೆನ್ನಹುರಿಯ ತೊಂದರೆ ಆ ಜಾತಿಯಲ್ಲಿ ಬರುತ್ತದೆ. ವಯಸ್ಸಾದ ಮೇಲೆ ಹಿಂಗಾಲು ಸೋತುಹೋಗುವ ಡಿಎಂ ಅನ್ನುವ ಕಾಯಿಲೆಗೂ ಡಿಎನ್ಎ ಪರೀಕ್ಷೆ ಇದೆ, ತಾಯಿ ತಂದೆಗೆ ಮಾಡಿಸಿದ್ದಾರಾ ಕೇಳಿ. ಬ್ಯಾಣದ ಕಲ್ಲು, ಗದ್ದೆ ಬದು ಹಾರುವ ಕೆಲಸ ಅದಕ್ಕೆ ಬೇಡ. ಮನೆಯಲ್ಲಿ ಪ್ರೀತಿಗೆ ಸಾಕುವುದಾದರೆ ತನ್ನಿ, ದನಕ್ಕೆ ನಿಮ್ಮೂರಿನದ್ದೇ ಒಂದು ಮರಿ ಹಿಡಿದು ಚಿಕ್ಕಂದಿನಿಂದ ಕೊಟ್ಟಿಗೆಯಲ್ಲೇ ಬೆಳೆಸಿ.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡನೇ ಮಹಡಿ. ಶೆಲ್ಟಿ ಆಗುತ್ತದಾ? — ದಂಪತಿ, ಶಿವಮೊಗ್ಗ

ಉತ್ತರ: ಆಗುವುದಿಲ್ಲ. ಒಂಟಿಯಾಗಿ ಬಿಟ್ಟರೆ ಇಡೀ ದಿನ ಬೊಗಳುತ್ತದೆ, ಬೊಗಳಿಯೇ ಕುರಿ ಅಟ್ಟುತ್ತಿದ್ದ ಜಾತಿ. ನಿಮ್ಮಲ್ಲಿ ಒಬ್ಬರಿಗೆ ಮನೆಯಿಂದ ಕೆಲಸ ಸಿಕ್ಕಾಗ ಯೋಚನೆ ಮಾಡಿ.

ಪ್ರಶ್ನೆ: ಹೋದ ವರ್ಷ ನಮ್ಮ ಮರಿ ರಕ್ತಭೇದಿಯಾಗಿ ತೀರಿಕೊಂಡಿತು. ಈಗ ಹೊಸದು ತರಬಹುದಾ? ಮಳೆಗಾಲದಲ್ಲಿ ಉದ್ದ ಕೂದಲು ಬೋಳಿಸಬೇಕಾ? — ಕೊಪ್ಪ

ಉತ್ತರ: ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ಮತ್ತು ತೇವ ಇದ್ದರೆ ವರ್ಷದವರೆಗೂ ಉಳಿಯುತ್ತದೆ. ನಮ್ಮಲ್ಲಿ ನೆರಳಿಗೂ ತೇವಕ್ಕೂ ಬರವಿಲ್ಲ. ಸಿಮೆಂಟು ನೆಲ, ಪಾತ್ರೆ, ಜಗುಲಿಯನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಡೆಟಾಲ್, ಫಿನಾಯಿಲ್ ಇದಕ್ಕೆ ಸಾಲುವುದಿಲ್ಲ. ಹಳೆಯ ಗೋಣಿಚೀಲ ಸುಟ್ಟುಬಿಡಿ. ಅಂಗಳದ ಮಣ್ಣನ್ನು ತೊಳೆಯಲಾಗುವುದಿಲ್ಲ, ಹಾಗಾಗಿ 16 ವಾರ ತುಂಬಿ, ಲಸಿಕೆಯ ಕೊನೆಯ ಡೋಸ್ ಆಗಿ ಎರಡು ವಾರ ಕಳೆಯುವ ತನಕ ಮರಿ ಅಂಗಳಕ್ಕೆ ಇಳಿಯಬಾರದು. ಇಲ್ಲದಿದ್ದರೆ ಲಸಿಕೆ ಮುಗಿದ ಸ್ವಲ್ಪ ದೊಡ್ಡ ಮರಿಯನ್ನೇ ಬ್ರೀಡರ್ ಹತ್ತಿರ ಕೇಳಿ, ನಾಲ್ಕು ತಿಂಗಳಿನದ್ದಾದರೂ ಪ್ರೀತಿಗೆ ಏನೂ ಕಮ್ಮಿ ಆಗುವುದಿಲ್ಲ.

ಕೂದಲು ಬೋಳಿಸಬೇಡಿ. ಒಳಗೆ ಮೆತ್ತನೆಯದು, ಹೊರಗೆ ಒರಟು, ಎರಡು ಪದರ ಇರುತ್ತದೆ, ಬೋಳಿಸಿದರೆ ಮೊದಲಿನಂತೆ ಬರದೇ ಹೋಗಬಹುದು. ಹೊಟ್ಟೆ ಕೆಳಗೆ, ಪಾದದ ಸಂದಿ ಮಾತ್ರ ಕತ್ತರಿಸಿ. ಒದ್ದೆಯಾಗಿ ಬಂದರೆ ಬುಡದವರೆಗೆ ಒರೆಸಿ, ಬಚ್ಚಲೊಲೆ ಮುಂದೆ ಸ್ವಲ್ಪ ದೂರದಲ್ಲಿ ಕೂರಿಸಿ ಒಣಗಿಸಿ. ಜೂನ್, ಜುಲೈನಲ್ಲಿ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಮೈಲುತುತ್ತ ಕಲಸಿದ ಡ್ರಮ್ಮಿನ ನೀರು ಕುಡಿಯದ ಹಾಗೆ ನೋಡಿಕೊಳ್ಳಿ.

ಮತ್ತೆ ಹೊಸನಗರದ ಅಮ್ಮನಿಗೆ: ನಿಮ್ಮ ಪತ್ರದ ಕೊನೆಗೆ ಮಗಳು ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ, ನೀವು ನೋಡಿದ್ದೀರೋ ಇಲ್ಲವೋ. ಮರಿ ಮೊದಲ ರಾತ್ರಿ ಅಳುತ್ತದಂತೆ, ಏನು ಮಾಡಲಿ ಅಂತ ಕೇಳಿದ್ದಾಳೆ. ಪುಟ್ಟಿ, ತರಲು ಹೋಗುವಾಗ ನಿನ್ನ ಹಳೆಯ ಹತ್ತಿ ಟವೆಲ್ ಒಂದು ತಗೊಂಡು ಹೋಗು. ಅದನ್ನು ತಾಯಿ ನಾಯಿಯ ಮೈಗೆ, ಮರಿಗಳು ಮಲಗುವ ಜಾಗಕ್ಕೆ ಚೆನ್ನಾಗಿ ಉಜ್ಜಿಸಿಕೊಂಡು ಬಾ. ರಾತ್ರಿ ಅದರ ಮೇಲೇ ಮಲಗಿಸು, ನಿನ್ನ ಹಾಸಿಗೆ ಪಕ್ಕದಲ್ಲೇ ಇರಲಿ, ಎದ್ದರೆ ಕೈ ಇಳಿಬಿಡು. ಮೊದಲ ವಾರ ಆ ಟವೆಲ್ ಒಗೆಯಬೇಡ.